‘ಬ್ಯಾರೆ’ ಕಾಲಂ

ಫೋಟೊದಲ್ಲಿ ಸೊನ್ನೆ ಚೆನ್ನಾಗಿ ಬರಬೇಕಿತ್ತು. ಸುಧಾರಾಣಿ ಎರಡು ಹೆಜ್ಜೆ ಹಿಂದೆ ಸರಿದು, ಮೊಬೈಲನ್ನು ಅಡ್ಡ ಹಿಡಿದು, ಐರಣಿಯ ಶಾಲೆಯ ಗೋಡೆಗೆ ಒರಗಿಸಿದ್ದ ಕರಿಹಲಗೆಯನ್ನು ನೋಡಿದಳು. ‘ಈ ವಾರ ನೀರಿನಿಂದ ಭೇದಿಯಾದ ಮಕ್ಕಳು: 0’ ಎಂದು ಸುಣ್ಣದ ಕಡ್ಡಿಯಲ್ಲಿ ಬರೆದಿತ್ತು. ಬಿಸಿಲು ನೇರ ಬಿದ್ದು ಆ ಸೊನ್ನೆಯೇ ಕಾಣದಂತಾಗಿತ್ತು.

“ಪ್ರೇಮಕ್ಕ, ಸ್ವಲ್ಪ ಈ ಕಡೆ ನಿಂದರ್ರಿ, ನೆಳ್ಳು ಬೀಳಲಿ” ಎಂದಳು.

ಹಲಗೆ ಬರೆದವಳು ಪ್ರೇಮವ್ವನೇ. ಶೆಡ್ಡುಗಳ ಮನೆಮನೆ ತಿರುಗಿ ಮಕ್ಕಳ ಆರೋಗ್ಯ ವಿಚಾರಿಸುವ ಕೆಲಸ ಅವಳದು. ಸೆರಗು ಸರಿಮಾಡಿಕೊಂಡು, ಫೋಟೊ ತನ್ನದೇ ಅನ್ನುವ ಠೀವಿಯಲ್ಲಿ ಬಂದು ನಿಂತಳು. ಆರು ವಾರದಿಂದ ಸೊನ್ನೆ ಬರೆದವಳಿಗೆ ಅಷ್ಟು ಠೀವಿ ಇರಲಿ ಬಿಡಿ.

ಶ್ರಾವಣದಲ್ಲಿ ತುಂಗಭದ್ರೆ ಏರಿ ಕೆಳಗಿನ ಓಣಿಗಳಿಗೆ ನುಗ್ಗಿದಾಗ ನೂರಾ ಅರವತ್ತು ಕುಟುಂಬಗಳು ಶಾಲೆಯ ಬಯಲಿನ ತಗಡಿನ ಶೆಡ್ಡುಗಳಿಗೆ ಬಂದಿದ್ದವು. ಅವರಿಗೆ ಬಯಲಲ್ಲಿ ಟಾಕಿ ಕೂರಿಸಿ ಕುಡಿಯುವ ನೀರು ಕೊಡುವ ಹೊಣೆ ಹೊತ್ತದ್ದು ಹಾವೇರಿಯಲ್ಲಿ ಎರಡು ಕೋಣೆಯ ಆಫೀಸಿರುವ ‘ದಂಡೆ’ ಎಂಬ ಸಣ್ಣ ಸಂಸ್ಥೆ. ನೆರವು ಮಾತ್ರ ಹೊರದೇಶದ ಪರಿಹಾರ ನಿಧಿಯೊಂದರದು. ಅದರ ಆಫೀಸು ದಿಲ್ಲಿಯಲ್ಲಿ. ಸುಧಾರಾಣಿ ‘ದಂಡೆ’ಯಲ್ಲಿ ಅರ್ಜಿ ಬರೆಯುವವಳು. ನಾವು ಏನು ಮಾಡುತ್ತೇವೆ, ಅದರಿಂದ ಏನಾಗುತ್ತದೆ, ಆಯಿತೆಂದು ಗೊತ್ತಾಗುವುದು ಹೇಗೆ — ಈ ಮೂರನ್ನು ದಿಲ್ಲಿಯವರು ಒಪ್ಪುವ ಹಾಗೆ ಬರೆಯಬೇಕು. ಮೂರನೆಯದಕ್ಕೆ ಸೂಚಕ ಅಂತ ಹೆಸರು. ಇವತ್ತು ಸಂಜೆ ಐದರೊಳಗೆ ಸೂಚಕದ ಸಂಖ್ಯೆ, ಫೋಟೊ ಸಮೇತ, ಹೋಗಬೇಕಿತ್ತು. ಸಂಖ್ಯೆ ಮೂರರ ಒಳಗಿದ್ದರೆ ಎರಡನೆಯ ಹಂತ, ಅಂದರೆ ಈ ಜನರ ಹೊಸ ಮನೆಗಳಿಗೆಲ್ಲ ನಲ್ಲಿ. ದಾಟಿದರೆ ಎಲ್ಲವೂ ನಿಂತು ಪರಿಶೀಲನೆ.

ಫೋಟೊ ತೆಗೆದು ಆಫೀಸಿಗೆ ಕಳಿಸುವಷ್ಟರಲ್ಲಿ ಹಿಂದಿನ ಶೆಡ್ಡಿನಿಂದ ಅಳು ಕೇಳಿಸಿತು. ಎರಡು ಮಕ್ಕಳನ್ನು ಹೆತ್ತು ಸಾಕಿದ ಸುಧಾರಾಣಿಗೆ ಕೂಸಿನ ಅಳು ಹೊಸದಲ್ಲ. ಅಳುವ ಕೂಸಿಗೆ ಒಂದು ಹಟ ಇರುತ್ತದೆ. ಈ ಅಳುವಿನಲ್ಲಿ ಹಟವೇ ಇರಲಿಲ್ಲ. ಅವಳು ಫೋನು ಚೀಲಕ್ಕೆ ಹಾಕಿ ಆ ಕಡೆ ನಡೆದಳು.

ಒಳಗೆ ಶೇಖವ್ವ ಎಂಬ ಮುದುಕಿ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ನೆತ್ತಿಗೆ ಔಡಲೆಣ್ಣೆ ಹಚ್ಚುತ್ತಿದ್ದಳು. ಕೂಸಿನ ಹೆಸರು ಗಂಗಾ, ಎಂಟು ತಿಂಗಳು. ತಾಯಿ ನೀಲಾ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಬೆಳಿಗ್ಗೆಯೇ ಬ್ಯಾಡಗಿಗೆ ಹೋಗಿದ್ದಳು.

“ನೆತ್ತಿ ಬಿದ್ದೈತಿ ತಂಗಿ, ಎಣ್ಣಿ ಇಟ್ರ ಏಳತೈತಿ” ಎಂದಳು ಶೇಖವ್ವ.

ಸುಧಾರಾಣಿ ಬಗ್ಗಿ ನೋಡಿದಳು. ನೆತ್ತಿ ಕುಳಿಬಿದ್ದಿತ್ತು. ಕಣ್ಣು ಒಳಗೆ ಹೋಗಿದ್ದವು. ಕೂಸು ಬಾಯಿ ತೆರೆದು ಅಳುತ್ತಿತ್ತು, ಕಣ್ಣೀರು ಬರುತ್ತಿರಲಿಲ್ಲ. ಹೊಟ್ಟೆಯ ಮೇಲಿನ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಬಿಟ್ಟಳು. ಬಿಟ್ಟ ಕೂಡಲೇ ಸರಿಹೋಗಬೇಕಾದದ್ದು ಹಾಗೆಯೇ ಮಡಿಕೆಯಾಗಿ ನಿಂತಿತು. ಇದನ್ನು ಅವಳು ಎಷ್ಟೋ ತರಬೇತಿಗಳ ವರದಿಯಲ್ಲಿ ಬರೆದಿದ್ದಳು, ಕಣ್ಣಾರೆ ಕಂಡದ್ದು ಇದೇ ಮೊದಲು.

“ಎಷ್ಟ ದಿನಾ ಆತವ್ವಾ, ಭೇದಿ ಹತ್ತಿ?”

“ಮೂರು ದಿನಾ ಆತು. ಹಲ್ಲು ಬರಾಕತ್ತಾವಲ್ಲ. ನನ್ನ ಮಗಳು ನೀಲಾಗೂ ಸಣ್ಣಾಕಿದ್ದಾಗ ಹಿಂಗ ಆಗಿತ್ತು.”

“ಕುಡಿಯಾಕ ಏನ ಕೊಟ್ಟೀದಿ?”

“ಏನೂ ಕೊಟ್ಟಿಲ್ಲ ಬಿಡು. ಕೊಟ್ಟದ್ದೆಲ್ಲಾ ಕೆಳಗ ಹರೀತೈತಿ. ಅದಕ್ಕ ನಿನ್ನಿಂದ ಒಂದು ಗುಟುಕು ನೀರು ಸುದ್ದಾ ಹಾಕಿಲ್ಲ. ರಾತ್ರಿ ತಾಯಿ ಹಾಲು ಕುಡಿದಿದ್ದಷ್ಟ” ಎಂದಳು ಮುದುಕಿ, ಜೋಪಾನ ಮಾಡಿದವಳ ದನಿಯಲ್ಲಿ.

ಸುಧಾರಾಣಿ ಬಾಗಿಲಲ್ಲಿ ನಿಂತಿದ್ದ ಪ್ರೇಮವ್ವನ ಕಡೆ ತಿರುಗಿದಳು. “ಇದನ್ನ ಬರಕೊಂಡೀರಿಲ್ಲೊ?”

“ಬರಕೊಂಡೇನ್ರಿ ಅಕ್ಕಾರ. ನಾ ಒಂದು ಮನಿ ಬಿಟ್ಟಿಲ್ಲ” ಎಂದು ಪ್ರೇಮವ್ವ ಕಂಕುಳಲ್ಲಿದ್ದ ಪುಸ್ತಕ ಬಿಡಿಸಿ ತೋರಿಸಿದಳು. ಪುಟದ ನಡುವೆ ಗೆರೆ. ಎಡಕ್ಕೆ ‘ನೀರಿಂದ’, ಬಲಕ್ಕೆ ‘ಬ್ಯಾರೆ’. ಎಡಗಡೆ ಖಾಲಿ. ಬಲಗಡೆ ಗುಂಡಗಿನ ಅಕ್ಷರದಲ್ಲಿ ಹೆಸರು, ಪಕ್ಕದಲ್ಲಿ ಕಾರಣ: ಗಂಗಾ, ಹಲ್ಲು. ಮೈಲಾರೆಪ್ಪನ ಮಗ, ದೃಷ್ಟಿ. ಶಾಹೀನಳ ಕೂಸು, ಉಷ್ಣ. ಇನ್ನೊಂದರ ಮುಂದೆ, ತಾಯಿ ಹುಳಿ ತಿಂದದ್ದು. ಆ ವಾರದ್ದೇ ಹತ್ತೊಂಬತ್ತು ಹೆಸರಿದ್ದವು.

“ಇವೆಲ್ಲಾ ಭೇದಿ ಅಲ್ಲೇನ್ರಿ ಪ್ರೇಮಕ್ಕ?”

“ಭೇದೀನ. ಆದ್ರ ನೀರಿಂದಲ್ಲಲ್ರಿ. ನೀರಿಂದ ಆದದ್ದಷ್ಟ ಎಣಿಸ್ರಿ ಅಂತ ನೀವ ಹೇಳಿದ್ರಿ. ಟಾಕಿ ನೀರು ಚೊಕ್ಕ ಐತಿ ಅಂತಾನೂ ನೀವ ಹೇಳಿದ್ರಿ. ನೀರು ಚೊಕ್ಕ ಇದ್ದಮ್ಯಾಲ ಅದರಿಂದ ಹ್ಯಾಂಗ ಬರತೈತ್ರಿ?”

ಅರ್ಜಿಯ ಮೊದಲ ಕರಡಿನಲ್ಲಿ ಸುಧಾರಾಣಿ ಬರೆದಿದ್ದದ್ದು ‘ಭೇದಿಯಾದ ಮಕ್ಕಳು’ ಎಂದಷ್ಟೇ. ದಿಲ್ಲಿಯಿಂದ ಒಬ್ಬರು ಫೋನು ಮಾಡಿ, ನೀವು ಕೊಡುವುದು ನೀರು, ಹಳಸಿದ್ದು ತಿಂದು ಆದ ಭೇದಿಗೆಲ್ಲ ನೀವೇಕೆ ಹೊಣೆಯಾಗುತ್ತೀರಿ ಎಂದು ಕೇಳಿದ್ದರು. ಕೇಳಿದ್ದು ತಪ್ಪೇನಲ್ಲ. ಅವಳು ಚಹಾ ಆರುವುದರೊಳಗೆ ‘ಕಲುಷಿತ ನೀರಿನಿಂದ’ ಎಂಬ ಎರಡು ಪದ ಸೇರಿಸಿ ಕಳಿಸಿದ್ದಳು, ಸೂಚಕ ಈಗ ಚೊಕ್ಕವಾಯಿತು ಎಂದು ಎಲ್ಲರೂ ಹೊಗಳಿದ್ದರು. ನೀರಿನಿಂದಲೋ ಅಲ್ಲವೋ ಎಂದು ತೀರ್ಮಾನಿಸುವವರು ಯಾರು ಅಂತ ಯಾರೂ ಕೇಳಿರಲಿಲ್ಲ. ಅವಳೂ ಕೇಳಿಕೊಂಡಿರಲಿಲ್ಲ.

“ಏಳವ್ವಾ. ದವಾಖಾನಿಗೆ ಹೋಗೂಣು” ಎಂದಳು.

“ನೀಲಾ ಬರಲಿ ತಡಿ, ಸಂಜಿಗೆ.”

“ಸಂಜಿತನಾ ಕೂಸು ಇರೂದಿಲ್ಲ.”

ಶೇಖವ್ವನ ಕೈ ನೆತ್ತಿಯ ಮೇಲೆ ಹಾಗೇ ನಿಂತಿತು. ಮುದುಕಿ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದಳು.

ಆಂಬುಲೆನ್ಸಿಗೆ ಫೋನು ಮಾಡಿ ಕಾಯುವ ಧೈರ್ಯ ಸುಧಾರಾಣಿಗೆ ಇರಲಿಲ್ಲ. ಶೆಡ್ಡುಗಳ ಮುಂದೆ ಸಾಮಾನು ಸಾಗಿಸುವ ತೌಹೀದ ತನ್ನ ಟಂಟಂ ರಿಕ್ಷಾದಿಂದ ಸಿಮೆಂಟು ಚೀಲ ಇಳಿಸುತ್ತಿದ್ದ. ಕೂಸಿನ ಮುಖ ನೋಡಿದವನೇ ಉಳಿದೆರಡು ಚೀಲವನ್ನು ರಸ್ತೆಗೇ ಕೆಡವಿ, “ಕುಂದರ್ರಿ ಲಗೂನ” ಎಂದ. ಪ್ರೇಮವ್ವ ಓಡಿಹೋಗಿ ಓಆರ್‌ಎಸ್ ಪಾಕೀಟು, ಅಂಗಡಿಯ ನೀರಿನ ಬಾಟಲಿ, ಒಂದು ಚಮಚ ತಂದು ಕೊಟ್ಟಳು. ಅವಳ ಮುಖದ ಠೀವಿ ಅಷ್ಟರಲ್ಲಿ ಎಲ್ಲಿ ಹೋಗಿತ್ತೋ.

“ಆ ಬಲಗಡೆ ಕಾಲಮ್ಮಿನ ಅಷ್ಟೂ ಮನಿಗೆ ಹೋಗ್ರಿ ಪ್ರೇಮಕ್ಕ. ಎಲ್ಲಾ ಮಕ್ಕಳಿಗೂ ಇದನ್ನ ಕುಡಸ್ರಿ. ಟಾಕಿ ನೀರು ಬ್ಯಾಡ, ಕುದಿಸಿ ಆರಿಸಿದ ನೀರಾಗ ಕಲಸ್ರಿ. ಯಾರು ಮಂಕಾಗ್ಯಾರ ನನಗ ಹೇಳ್ರಿ” ಎಂದು ಸುಧಾರಾಣಿ ಟಂಟಂ ಹತ್ತಿದಳು.

ರಾಣೆಬೆನ್ನೂರಿನ ದಾರಿ ಅವತ್ತು ಮುಗಿಯಲೊಲ್ಲದು. ಗೋವಿನಜೋಳ ತುಂಬಿದ ಟ್ರ್ಯಾಕ್ಟರುಗಳು ರಸ್ತೆ ತುಂಬ ಇದ್ದವು. ಸುಧಾರಾಣಿ ಓಆರ್‌ಎಸ್ ಕಲಸಿದ ನೀರನ್ನು ಚಮಚದಿಂದ ತುಟಿಗೆ ಹಾಕುತ್ತಿದ್ದಳು, ಅರ್ಧ ಗಲ್ಲದ ಮೇಲೆ ಹರಿದುಹೋಗುತ್ತಿತ್ತು. ಕೂಸು ಅಳುವುದನ್ನು ನಿಲ್ಲಿಸಿತ್ತು. ಆ ನಿಂತದ್ದೇ ಅವಳಿಗೆ ಭಯ ಹುಟ್ಟಿಸಿತು. “ಗಂಗಾ, ಏ ಗಂಗಾ” ಎಂದು ಪಾದ ಉಜ್ಜಿದಳು. ಕಣ್ಣು ಒಂದಿಷ್ಟು ತೆರೆದು ಮತ್ತೆ ಮುಚ್ಚಿದವು. ಶೇಖವ್ವ ಬಾಯೊಳಗೆ ಮೈಲಾರಲಿಂಗನ ಹೆಸರು ಹೇಳುತ್ತಲೇ ಇದ್ದಳು.

ಆಗಲೇ ಚೇತನಕುಮಾರನ ಫೋನು ಬಂತು. ಅವನು ‘ದಂಡೆ’ಯ ಮುಖ್ಯಸ್ಥ.

“ಸುಧಾ ಮೇಡಂ, ಫೋಟೊ ಮಸ್ತ ಬಂದೈತ್ರಿ. ಸಂಖ್ಯಾ ಹಾಕಿ ಕಳಿಸಿಬಿಡ್ರಿ.”

“ಸರ್, ಸೊನ್ನಿ ಅಲ್ರಿ ಅದು. ಹತ್ತೊಂಬತ್ತು ಮಕ್ಕಳಿಗೆ ಭೇದಿ ಆಗೈತಿ. ಒಂದು ಕೂಸು ನನ್ನ ಮುಂದ ಐತಿ, ದವಾಖಾನಿಗೆ ಒಯ್ಯಾಕತ್ತೇನಿ.” ಎರಡು ಕಾಲಮ್ಮಿನ ಸಂಗತಿಯನ್ನು ಅವಳು ಇದ್ದಹಾಗೆ ಹೇಳಿದಳು.

ಅವನು ಮೆಲ್ಲಗೆ, “ಮೊದ್ಲ ಕೂಸಿನ್ನ ನೋಡ್ರಿ. ಖರ್ಚಿನ ಚಿಂತಿ ಬ್ಯಾಡ” ಎಂದ. ಮತ್ತೆ ಅವನೇ, “ಆದ್ರ ಮೇಡಂ, ಅರ್ಜಿ ಒಳಗ ಬರದದ್ದು ನೀರಿಂದ ಆದದ್ದಷ್ಟ. ಆ ಲೆಕ್ಕದಾಗ ಸೊನ್ನಿ ಖರೇನ ಐತಲ್ರಿ. ನಾವೇನೂ ಸುಳ್ಳ ಹೇಳಿದಂಗ ಆಗೂದಿಲ್ಲ. ನಲ್ಲಿ ಬಂದ್ರ ಈ ಮಕ್ಕಳಿಗೇ ಅಲ್ರಿ ಛಲೋ ಆಗೂದು?”

ಅವನು ಕೆಟ್ಟವನಲ್ಲ. ನೆರೆ ಬಂದ ರಾತ್ರಿ ಎದೆಮಟ್ಟದ ನೀರಿನಲ್ಲಿ ಮುದುಕರನ್ನು ಹೊತ್ತು ತಂದವನು. ಅವನು ಹೇಳಿದ್ದರಲ್ಲಿ ಒಂದು ಸುಳ್ಳೂ ಇರಲಿಲ್ಲ. ಸುಧಾರಾಣಿಗೆ ಹೆದರಿಕೆಯಾದದ್ದು ಅದಕ್ಕೇ. ಕೂಸು ಸತ್ತರೂ ಕಾಗದದಲ್ಲಿ ಸೊನ್ನೆ ಸೊನ್ನೆಯಾಗಿಯೇ ಉಳಿಯುತ್ತಿತ್ತು, ಯಾರೂ ತಪ್ಪು ಹಿಡಿಯಲಾಗದ ಹಾಗೆ, ಅವಳೇ ಬರೆದ ಎರಡು ಪದದ ದೆಸೆಯಿಂದ.

“ಆಮ್ಯಾಲ ಮಾತಾಡ್ತೇನ್ರಿ” ಎಂದು ಇಟ್ಟಳು.

ದವಾಖಾನೆಯಲ್ಲಿ ಸಿಸ್ಟರ್ ತಬಸ್ಸುಮ್ ಕೂಸನ್ನು ನೋಡಿದವಳೇ ಸರತಿಯಲ್ಲಿದ್ದವರನ್ನು ಸರಿಸಿ ಒಳಗೆ ಒಯ್ದಳು. ಸಲೈನ್ ಹಚ್ಚಲು ನರ ಸಿಗಲಿಲ್ಲ. ಎಡಗೈಯಲ್ಲಿ ಹುಡುಕಿದಳು, ಬಲಗೈಯಲ್ಲಿ ಹುಡುಕಿದಳು. ಸೂಜಿ ಚುಚ್ಚಿದರೂ ಗಂಗಾ ಅಳಲಿಲ್ಲ. ಶೇಖವ್ವ ಗೋಡೆ ಹಿಡಿದು ಕೆಳಗೆ ಕೂತುಬಿಟ್ಟಳು. ಮೂರನೆಯ ಸಲ, ಪಾದದಲ್ಲಿ, ನರ ಸಿಕ್ಕಿತು. ಬಾಟಲಿಯಿಂದ ಹನಿ ಬೀಳತೊಡಗಿತು.

ಡಾಕ್ಟರಮ್ಮ ಕೂಸಿನ ಎದೆಯ ಮೇಲಿಂದ ಕೈ ತೆಗೆಯದೆ ಕೇಳಿದರು, “ಐರಣಿ ಶೆಡ್ಡಿನಾಗಿಂದ ಬಂದೀರಲ್ಲ, ಅಲ್ಲಿ ಇಂಥಾವು ಇನ್ನೆಷ್ಟು ಅದಾವು?”

“ಇದನ್ನ ಹಿಡದು ಹತ್ತೊಂಬತ್ತು” ಎಂದಳು ಸುಧಾರಾಣಿ.

“ಹತ್ತೊಂಬತ್ತ? ಮತ್ತ ಯಾಕ ಒಬ್ರೂ ಹೇಳಲಿಲ್ಲ?”

“ನಾವು ಎಣಿಸೂದ ತಪ್ಪಿತ್ರಿ.”

ಡಾಕ್ಟರಮ್ಮ ಬೈಯಲಿಲ್ಲ. ಆರೋಗ್ಯ ಇಲಾಖೆಯವರಿಗೆ ಫೋನು ಹಚ್ಚಿ, ಟಾಕಿಯ ನೀರು ನಿಲ್ಲಿಸಬೇಕು, ಗಾಡಿ ಕಳಿಸಬೇಕು ಎನ್ನುತ್ತ ಹೊರಗೆ ಹೋದರು. ಒಂದು ಸಲ ಬಾಯಿಬಿಟ್ಟು ಹೇಳಿದ ಸಂಖ್ಯೆಯನ್ನು ಬರೆಯುವುದು ಈಗ ಅಷ್ಟು ಕಷ್ಟವೆನಿಸಲಿಲ್ಲ. ಸುಧಾರಾಣಿ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲೇ ದಿಲ್ಲಿಗೆ ಬರೆದಳು: ಈ ವಾರ ಹತ್ತೊಂಬತ್ತು ಮಕ್ಕಳು. ಹಿಂದಿನ ಆರು ವಾರದ ಸೊನ್ನೆಗಳನ್ನು ನಂಬಬೇಡಿ. ಸೂಚಕದಲ್ಲಿ ‘ಕಲುಷಿತ ನೀರಿನಿಂದ’ ಎಂದು ಸೇರಿಸಿದ್ದು ನಾನು, ಅದು ತಪ್ಪು. ದಿನಕ್ಕೆ ಮೂರು ಸಲವಾದರೂ ನೀರಾಗಿ ಭೇದಿಯಾದ ಪ್ರತಿ ಮಗುವನ್ನೂ, ಮನೆಯವರು ಕಾರಣ ಏನೇ ಹೇಳಲಿ, ಎಣಿಸಬೇಕು. ಕಳಿಸಿದಳು. ಗಂಟೆ ನಾಲ್ಕೂ ಕಾಲು. ಅದರ ನಕಲು ಚೇತನಕುಮಾರನಿಗೂ ಹೋಯಿತು. ಅವನಿಂದ ಏನೂ ಬರಲಿಲ್ಲ.

ಬಂದದ್ದು ಪ್ರೇಮವ್ವನ ಫೋನು. “ಅಕ್ಕಾರ, ಹದಿನಾರು ಮನಿ ಆತ್ರಿ. ಎಲ್ಲಾ ಮಕ್ಕಳೂ ಕುಡದಾವ್ರಿ. ಎರಡು ಮನಿಗೆ ಕೀಲಿ ಐತಿ, ಗುತ್ತಲದ ಕಡೆ ಹೋಗ್ಯಾರಂತ, ಫೋನ್ ಹತ್ತವಲ್ದು.” ಫೋನಿಡುವ ಮೊದಲು ಅವಳೇ ಸೇರಿಸಿದಳು, “ನಾ ಬೇಕಂತ ಮಾಡಿಲ್ರಿ.”

“ನೀವಲ್ಲ ಪ್ರೇಮಕ್ಕ. ಅದನ್ನ ಬರದಾಕಿ ನಾನು. ಆ ಎರಡು ಮನಿ ಬಿಡಬ್ಯಾಡ್ರಿ, ಯಾರನ್ನರ ಕಳಸ್ರಿ.”

ತಬಸ್ಸುಮ್ ಬಂದು ಬಾಟಲಿಯ ಹನಿ ಸರಿಮಾಡಿದಳು. ಕೂಸನ್ನು ಹಿಡಿದಿದ್ದ ಶೇಖವ್ವ ದಣಿದದ್ದನ್ನು ನೋಡಿ, ಎತ್ತಿ ಸುಧಾರಾಣಿಯ ತೊಡೆಯ ಮೇಲೆ ಮಲಗಿಸಿದಳು. “ಈ ಬಾಟ್ಲಿ ಮುಗಿಯೂದ್ರೊಳಗ ಉಚ್ಚಿ ಹೊಯ್ಯಬೇಕ್ರಿ. ಹೊಯ್ದ್ರ ಲಗೂ ಹೇಳ್ರಿ. ಇಲ್ಲಂದ್ರ ದೊಡ್ಡ ದವಾಖಾನಿಗೆ ಕಳಸಬೇಕಾಗತೈತಿ, ಕಿಡ್ನಿ ಮಾತದು” ಎಂದಳು.

ಬಾಟಲಿ ಅರ್ಧಕ್ಕೆ ಬಂತು. ಸುಧಾರಾಣಿ ಕೂಸಿನ ಕೆಳಗಿನ ಬಟ್ಟೆಗೆ ಕೈ ಹಾಕಿ ನೋಡಿದಳು. ಒಣಗಿತ್ತು. ಮುಕ್ಕಾಲು ಖಾಲಿಯಾಯಿತು. ಮತ್ತೆ ನೋಡಿದಳು. ಶೇಖವ್ವ ಅವಳ ಮುಖವನ್ನೇ ನೋಡುತ್ತಿದ್ದಳು. ಸುಧಾರಾಣಿ ತಲೆ ಅಲ್ಲಾಡಿಸಿ, ಹನಿಯ ಕಡೆ ಕಣ್ಣು ತಿರುಗಿಸಿದಳು. ಎರಡು ಬೆರಳಿನಷ್ಟು ಉಳಿಯಿತು. ಒಂದು ಬೆರಳಿನಷ್ಟು.

ಮೊದಲು ಅದು ತನ್ನದೇ ಬೆವರು ಅಂದುಕೊಂಡಳು. ಆಮೇಲೆ ಬೆಚ್ಚಗೆ ಸೀರೆಯ ಮಡಿಕೆಗಳಿಗೆ ಇಳಿದು ತೊಡೆಗೆ ಹತ್ತಿತು. “ಸಿಸ್ಟರ್, ಕೂಸು ಉಚ್ಚಿ ಹೊಯ್ತ್ರಿ” ಎಂದು ಕೂಗಿದಳು. ಶೇಖವ್ವ ಬಗ್ಗಿ ನೋಡಿ, ಕೂಸನ್ನು ತೆಗೆದುಕೊಳ್ಳಲು ಎರಡೂ ಕೈ ಚಾಚಿದಳು.

“ಕೊಡು ತಂಗಿ, ಸೀರಿ ಎಲ್ಲಾ ತೋದತು.”

“ತೋಯಲಿ ಬಿಡವ್ವಾ” ಎಂದು ಸುಧಾರಾಣಿ ಕೂತಲ್ಲಿಂದ ಅಲುಗಾಡಲಿಲ್ಲ.