ಸರದಿಯಿಲ್ಲದವಳು

“ನಿದ್ದೆ ಚೆನ್ನಾಗಿ ಬರುತ್ತಾ?”

“ಬರುತ್ತೆ ಸರ್.”

“ಊಟ?”

“ಸೇರುತ್ತೆ ಸರ್.”

“ಮನಸ್ಸಿಗೆ ಬೇಜಾರು, ಹೀಗೇನಾದ್ರೂ?”

“ಇಲ್ಲ ಸರ್. ಹಾಜರಿ ಕೊಡ್ತೀರಲ್ಲ?”

ಕೊಡುತ್ತೇನೆಂದು ಮೇಜಿನಾಚೆಯ ಅಧ್ಯಾಪಕ ತಲೆಯಾಡಿಸಿದ. ಹುಡುಗ ಎದ್ದು ಹೋದ. ಹೊರಗೆ ಯಾರೋ ಕೇಳಿದರು, “ಏನೋ, ಹುಚ್ಚು ಬಿಡ್ತಾ?”

“ನನಗೆ ಬಿಡ್ತು. ಸಮಾಧಾನ ಸರ್‌ಗೆ ಹಿಡಿದಿರಬೇಕು.”

ಸಮಾಧಾನ ಎಂಬುದು ಕಾಲೇಜಿನ ಹುಡುಗರು ಅವನಿಗಿಟ್ಟ ಹೆಸರು. ಅವನು ಸಂಖ್ಯಾಶಾಸ್ತ್ರದ ಅಧ್ಯಾಪಕ. ಇದ್ದವರಲ್ಲಿ ಮೆತ್ತಗೆ ಮಾತಾಡುವವನು ಎಂಬ ಕಾರಣಕ್ಕೆ ಪ್ರಾಂಶುಪಾಲರು ಅವನನ್ನು ತರಬೇತಿಗೆ ಕಳಿಸಿದ್ದರು. ಅವನು ಹಿಂದಿರುಗಿದ ಮೇಲೆ ಆಟದ ಸಾಮಾನಿನ ಕೋಣೆಯನ್ನು ತೆರವು ಮಾಡಿಸಿ, ಬಾಗಿಲಿಗೆ ‘ಆಪ್ತ ಸಮಾಲೋಚನೆ’ ಎಂಬ ಹಲಗೆ ಹೊಡೆಸಿದ್ದರು.

ಯಾರೂ ಬರಲಿಲ್ಲ. ಕೋಣೆ ಮತ್ತೆ ಬ್ಯಾಟುಗಳ ಪಾಲಾದೀತೆಂದು ಹೆದರಿ ಸರದಿಯ ಉಪಾಯ ಹೇಳಿದವನು ಅವನೇ. ದಿನಕ್ಕೊಂದು ವಿಭಾಗ, ಬಂದವರಿಗೆ ಒಂದು ತರಗತಿಯ ಹಾಜರಿ. ಎಲ್ಲರೂ ಬರುವುದರಿಂದ ಯಾರಿಗೂ ನಾಚಿಕೆಯಿಲ್ಲ. ತರ್ಕದಲ್ಲಿ ತಪ್ಪಿರಲಿಲ್ಲ. ಎಲ್ಲರೂ ಬಂದರು, ಯಾರೂ ಬಾಯಿಬಿಡಲಿಲ್ಲ.

ಅಕ್ಕನ ಫೋನು ಬಂತು. ಅವನು ಕಿಟಕಿಯ ಕಡೆ ತಿರುಗಿದ.

“ಏನೋ, ರಾತ್ರಿ ಮಲಗಿದ್ಯಾ?”

“ಮಲಗಿದ್ದೆ ಅಕ್ಕ.”

“ಮಾತ್ರೆ?”

“ತಗೊಂಡೆ.”

“ಫೋನಲ್ಲಿ ನೀನು ಭಾರಿ ಆರೋಗ್ಯವಂತ ಬಿಡು.”

ಬೆನ್ನ ಹಿಂದೆ ಬಾಗಿಲು ಕಿರುಗುಟ್ಟಿತು. “ಸರ್, ಸ್ವಲ್ಪ ಮಾತಾಡಬೇಕಿತ್ತು.” ಹೆಣ್ಣುದನಿ.

“ಯಾವ ವಿಭಾಗ?” ಅವನು ತಿರುಗದೆ ಕೇಳಿದ.

“ಎರಡನೇ ವರ್ಷ, ಬಿ.”

“ಇವತ್ತು ಎ ಅಲ್ವೇನಮ್ಮ? ನಿಮ್ಮ ಸರದಿ ಗುರುವಾರ.”

“ಗುರುವಾರನಾ...” ದನಿ ಸ್ವಲ್ಪ ತಡೆಯಿತು. “ಆಯ್ತು ಸರ್. ಪರವಾಗಿಲ್ಲ.”

ಬಾಗಿಲು ಮುಚ್ಚಿಕೊಂಡಿತು.

“ಯಾರೋ ಅದು?” ಅಕ್ಕ ಕೇಳಿದಳು. “ಅಳ್ತಿದ್ದ ಹಾಗಿತ್ತಲ್ಲೋ.”

“ಓದೋ ಹುಡುಗಿ. ಸರದಿ ತಪ್ಪಿ ಬಂದಿದ್ಳು.”

ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಇಷ್ಟು ದಿನಕ್ಕೆ ಒಬ್ಬಳು ತಾನಾಗಿ ಬಂದಿದ್ದಳು. ಅವನು ಫೋನು ಮೇಜಿನ ಮೇಲಿಟ್ಟು ಹೊರಗೋಡಿದ. ಮೊಗಸಾಲೆಯ ತುಂಬ ಹುಡುಗಿಯರು. ಎಲ್ಲರೂ ಎಲ್ಲಿಗೋ ಹೋಗುತ್ತಿದ್ದರು.

ಅಧ್ಯಾಪಕರ ಕೋಣೆಯಲ್ಲಿ ಭೌತಶಾಸ್ತ್ರದವರು ಚಹಾ ಕುಡಿಯುತ್ತಿದ್ದರು. “ಹುಡುಕಿ ಏನ್ಮಾಡ್ತೀರಿ? ಗುರುವಾರ ಬರ್ತಾಳಲ್ಲ.”

“ಬರದಿದ್ರೆ?”

“ಬರದಿದ್ರೆ ಸರಿಹೋಗಿದೆ ಅಂತ.”

ಅವನು ನಕ್ಕ. ನಗಬೇಕಾದ ಜಾಗವೋ ಅಲ್ಲವೋ ತಿಳಿಯಲಿಲ್ಲ.

ಮಧ್ಯಾಹ್ನ ಬಿ ವಿಭಾಗಕ್ಕೆ ಅವನದೇ ಪಾಠವಿತ್ತು. ಒಳಗೆ ಕಾಲಿಟ್ಟವನೇ ಕೇಳಿಬಿಟ್ಟ: “ಬೆಳಿಗ್ಗೆ ನನ್ನ ಹತ್ತಿರ ಬಂದವರು ಯಾರು?”

ತುಂಬಿದ ತರಗತಿಯಲ್ಲಿ ಇದನ್ನು ಕೇಳಬಾರದೆಂದು ತರಬೇತಿಯವರು ಬೇರೆ ಹೇಳಿಕೊಡಬೇಕಿತ್ತೆ? ತಲೆಗಳು ಪುಸ್ತಕದ ಮೇಲೆ ಬಾಗಿದವು. ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ, “ಹಾಜರಿ ಸಿಗೋದಾದ್ರೆ ನಾನೇ ಸರ್!”

ತರಗತಿ ಗೊಳ್ಳೆಂದು ನಕ್ಕಿತು. ಹುಡುಗಿಯರೆಲ್ಲ ನಕ್ಕರು. ನಕ್ಕವರಲ್ಲಿ ಅವಳೂ ಇದ್ದಳು. ಅಥವಾ ಅವಳು ಇವತ್ತು ತರಗತಿಗೇ ಬಂದಿರಲಿಲ್ಲ. ಎರಡರಲ್ಲಿ ಯಾವುದು ಮೇಲು ಎಂದು ಅವನಿಗೆ ಹೊಳೆಯಲಿಲ್ಲ.

“ಎಲ್ಲರೂ ಕಣ್ಣು ಮುಚ್ಚಿ,” ಎಂದ.

“ಯಾಕೆ ಸರ್?”

“ಮುಚ್ಚಿ ಅಂದೆ.”

ಮುಚ್ಚಿದರು. ಕಣ್ಣು ಮುಚ್ಚಿದ ಮುಖಗಳು ಒಮ್ಮೆಗೇ ಚಿಕ್ಕವಾದವು.

“ಯಾರಿಗಾದ್ರೂ ಏನಾದ್ರೂ ಹೇಳ್ಕೋಬೇಕು ಅನ್ನಿಸ್ತಿದ್ರೆ ಕೈ ಎತ್ತಿ. ಯಾರೂ ನೋಡಲ್ಲ. ನಾನೊಬ್ಬನೇ.”

ಅವನು ಬೆಂಚುಗಳನ್ನು ಒಂದೊಂದಾಗಿ ನೋಡುತ್ತ ಬಂದ. ಆಮೇಲೆ ಕಿಟಕಿಯ ಪಕ್ಕದ ಹುಡುಗಿಯೊಬ್ಬಳ ಕೈ ಮೇಲೆದ್ದಿತು. ಸಿಕ್ಕಳು ಎಂದುಕೊಂಡ. ಅಷ್ಟರಲ್ಲಿ ಅವಳ ಹಿಂದಿನವಳದು. ಬಾಗಿಲ ಬಳಿಯದು. ಹಿಂದಿನ ಬೆಂಚಿನಿಂದ ಕೂಗಿದ ಹುಡುಗನದು. ಒಬ್ಬರ ಕೈ ಇನ್ನೊಬ್ಬರಿಗೆ ಕಾಣದೆ, ಸದ್ದಿಲ್ಲದೆ, ಸಾಲು ಸಾಲಾಗಿ ಎದ್ದವು.

ಹೊರಗೆ ಹಾದುಹೋಗುತ್ತಿದ್ದ ಪ್ರಾಂಶುಪಾಲರು ಕಿಟಕಿಯಲ್ಲಿ ಇಣುಕಿದರು. ಇಷ್ಟೊಂದು ಕೈಗಳನ್ನು ಕಂಡು ಮೆಚ್ಚುಗೆಯಿಂದ ತಲೆದೂಗಿ ಮುಂದೆ ನಡೆದರು.

ಗಂಟೆ ಹೊಡೆಯಿತು. ಒಂದು ಕೈಯೂ ಇಳಿಯಲಿಲ್ಲ.