ಬಲಗೆನ್ನೆ

“ಇವ್ರು ಹೇಳೋದು ನಂಗೆ ಅರ್ಥ ಆಗ್ತಿಲ್ಲಮ್ಮ, ನೀವೇ ಹೇಳಿ. ತಂಬಾಕು ಪೂರ್ತಿ ಬಿಟ್ಟಿದ್ದಾರಾ?”

ಡಾಕ್ಟರ್ ಕಾವ್ಯಾ ಟಾರ್ಚು ಹಿಡಿದೇ ಕೇಳಿದರು. ಕ್ಯಾನ್ಸರೆಂದು ಎಡದವಡೆ, ಅರ್ಧ ನಾಲಿಗೆ ತೆಗೆದ ಮೇಲೆ ಸೋಮಪ್ಪನ ಮಾತು ಹೆಂಡತಿ ಮಹಾದೇವಿಗೆ ಮಾತ್ರ ತಿಳಿಯುತ್ತಿತ್ತು. ಮಾಕಳಿಯ ಬಾಡಿಗೆ ಮನೆಯ ಮಾಲೀಕನ ಹತ್ತಿರವೂ, ಪೀಣ್ಯದ ಕಾರ್ಖಾನೆಯ ಸೂಪರ್‌ವೈಸರ್ ಹತ್ತಿರವೂ ಅವಳೇ ಅವನ ಬಾಯಿ. ಎದೆಯ ಚರ್ಮ ತಂದು ಕೆನ್ನೆಯೊಳಗೆ ಹೊಲಿದಿದ್ದರಿಂದ ಅಲ್ಲಿ ಕೂದಲು ಬೆಳೆಯುತ್ತಿತ್ತು. “ಬಾಯಾಗೂ ಕ್ಷೌರ ಮಾಡಿಸ್ಬೇಕಲೇ ನಿನಗ” ಎಂದು ಜೊತೆಗೆ ದುಡಿಯುವ ಬಸಲಿಂಗ ನಗಿಸುತ್ತಿದ್ದ. ಸೋಮಪ್ಪ ಜೊಲ್ಲು ಒರೆಸಿಕೊಳ್ಳುತ್ತಲೇ ನಗುತ್ತಿದ್ದ. ಆಪರೇಷನ್ ಆಗಿ ಎರಡು ವರ್ಷ ದಾಟಿದರೆ ಬಹುಪಾಲು ಗೆದ್ದ ಹಾಗೆ ಎಂದಿದ್ದರು ಡಾಕ್ಟರು. ಬರುವ ಯುಗಾದಿಗೆ ದಾಟುವುದಿತ್ತು.

ಸೋಮಪ್ಪ ಬಾಯೊಳಗೇ ಉರುಳಿಸಿ ಏನೋ ಹೇಳಿದ. ಮಹಾದೇವಿಯ ಮುಖ ಕಪ್ಪಿಟ್ಟಿತು.

“ಏನಂತೆ?”

“ಎಡಗಡೆ ಒಮ್ಮೆನೂ ಇಟ್ಟಿಲ್ಲಂತ್ರಿ. ಬಲಗಡೆ ಇಟ್ಕೊಂತಾರಂತ.” ಅವಳು ಗಂಡನತ್ತ ತಿರುಗಿದಳು. “ನನಗರ ಹೇಳ್ಬಾರದೇನ್ರಿ?”

ಸೋಮಪ್ಪ ಬಲಗೆನ್ನೆ ತಟ್ಟಿ ತೋರಿಸಿದ. ರೋಗ ಬಂದದ್ದು ಆ ಕಡೆ, ಈ ಕಡೆ ಗಟ್ಟಿ ಅದ ಎಂದ. ತಂಬಾಕಿಲ್ಲದೆ ಮಷಿನ್ ಮುಂದ ನಿಲ್ಲೋದು ಹೆಂಗ ಎಂದ. ಅದನ್ನು ಅವಳು ಡಾಕ್ಟರಿಗೆ ಹೇಳಲಿಲ್ಲ.

ಕಾವ್ಯಾ ಕೈಗವಸು ಹಾಕಿದರು. ಹೋದ ಸಲ ಎರಡು ಬೆರಳು ಹಿಡಿಸಿದ್ದ ಬಾಯಿ ಈಗ ಒಂದಕ್ಕೇ ಬಿಗಿಯುತ್ತಿತ್ತು. ಬಲಗೆನ್ನೆಯೊಳಗಿನ ಹುಣ್ಣು ಮುಟ್ಟಿದ್ದೇ ರಕ್ತ ಬಂತು. ಕತ್ತು ಒತ್ತಿದಲ್ಲಿ ಗಂಟು ಸಿಕ್ಕಿತು.

“ಇವತ್ತೇ ಒಂದ್ ಚೂರು ತೆಗೆದು ಟೆಸ್ಟಿಗೆ ಕಳಿಸ್ತೀನಿ.”

“ಮತ್ತ ಕೊಯ್ದ್ರ ಉಳೀತಾರೇನ್ರಿ?”

“ಇದೂ ಅದೇ ಆಗಿದ್ರೆ ಮೊದಲನೇ ಸಲದ ಹಾಗಿರಲ್ಲಮ್ಮ. ಕತ್ತಿಗೂ ಇಳಿದಿರೋ ಹಾಗಿದೆ. ಆಪರೇಷನ್ ಮಾಡಿದ್ರೂ ಉಳಿಯೋರು ಕಮ್ಮಿ. ಸುಳ್ಳು ಹೇಳಿ ಕಳಿಸಲ್ಲ ನಾನು.”

ಈ ಮಾತನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಸೋಮಪ್ಪನ ಕಿವಿಗೇನೂ ಆಗಿರಲಿಲ್ಲ. ಚೂರು ತೆಗೆಯಲು ಕರೆಯುವವರೆಗೆ ಹೊರಗಿನ ಬೆಂಚಿನಲ್ಲಿ ಕೂತಾಗ, ಅವಳಿಗಷ್ಟೇ ತಿಳಿಯುವ ಆ ಮಾತಿನಲ್ಲಿ ಹೇಳಿದ:

“ಬಸಲಿಂಗಗ ಹೇಳಬ್ಯಾಡ.”

“ಯಾಕ್ರಿ?”

“ದಿನಾ ತಂಬಾಕು ಅವನೇ ತಿಕ್ಕಿ ಕೊಡ್ತಿದ್ದ. ಕೊರಗಿ ಸಾಯ್ತಾನ.”

ನರ್ಸು ಬಾಗಿಲು ತೆರೆದು ಹೆಸರು ಕೂಗಿದಳು. ಸೋಮಪ್ಪ ಎದ್ದು ಜೇಬು ಬರಿದು ಮಾಡಿದ: ಫೋನು, ಮನೆಯ ಕೀಲಿ, ತಂಬಾಕಿನ ಪೊಟ್ಟಣ, ಸುಣ್ಣದ ಡಬ್ಬಿ. ಅವನು ಕೊಟ್ಟಿದ್ದನ್ನೆಲ್ಲ ಯಾವತ್ತಿನಂತೆ ಮಹಾದೇವಿ ಸೆರಗಿನಲ್ಲಿ ಗಂಟು ಕಟ್ಟಿಕೊಂಡಳು. ಡಬ್ಬಿ ಇನ್ನೂ ಅವನ ಮೈಬಿಸಿಗೆ ಬೆಚ್ಚಗಿತ್ತು.