ಬದರಿಯ ದಾರಿಯ ಮರ

ದುರುಗಮ್ಮನ ತಮ್ಮ ಪರಮಣ್ಣ ಸ್ಟೂಲು ಹತ್ತಿ ದೇವರ ಪಟಗಳನ್ನು ಒಂದೊಂದಾಗಿ ಗೋಡೆಗೆ ಮುಖ ಮಾಡಿ ತಿರುವುತ್ತಿದ್ದ. ಸಾವಿನ ಮನೆಯಲ್ಲಿ ದೇವರು ಎದುರಿಗಿರಬಾರದು. ಉರುಕುಂದಿ ಈರಣ್ಣ, ಎಲ್ಲಮ್ಮ, ವೆಂಕಟರಮಣ ಎಲ್ಲರೂ ಬೆನ್ನು ತೋರಿಸಿದ ಮೇಲೆ ಮರವೊಂದರ ಚಿತ್ರವಿದ್ದ ಪಟ ಉಳಿಯಿತು.

“ಯಕ್ಕಾ, ಇದನ್ನೂ ತಿರುವ್ಲೇನು?”

ಗಂಡನ ಹೆಣದ ಪಕ್ಕ ಕೂತಿದ್ದ ದುರುಗಮ್ಮ ತಲೆಯೆತ್ತಿದಳು. ಬೆಳಗಿನಿಂದ ಅವಳಿಗೆ ಅಳು ಬಂದಿರಲಿಲ್ಲ. ತನ್ನ ಕೈಕಾಲು ಇನ್ಯಾರದೋ ಅನ್ನಿಸುತ್ತಿತ್ತು.

“ಅದೇನು ದೇವ್ರೇನು? ಮರ. ಬಿಡು.”

ಬಾಗಿಲಲ್ಲಿ ನಿಂತಿದ್ದ ಖಾಸಿಂ ಸಾಬ್, ಪಟಗಳಿಗೆ ಕಟ್ಟು ಹಾಕುವ ಅಂಗಡಿಯವನು, ಮುಖ ಆಚೆ ತಿರುಗಿಸಿದ.

*

ದುರುಗಮ್ಮನ ಗಂಡ ಉರುಕುಂದಪ್ಪ ರಾಯಚೂರಿನ ಪ್ರೆಸ್ಸೊಂದರಲ್ಲಿ ನಾಟಕದ ಪೋಸ್ಟರುಗಳಿಗೆ ಮರದ ಅಚ್ಚು ಕೆತ್ತುತ್ತಿದ್ದ. ಎಪ್ಪತ್ತಾರನೇ ಇಸವಿಯಲ್ಲಿ ಗಂಡ ಹೆಂಡತಿ ಯಾತ್ರೆಯ ಬಸ್ಸಿನಲ್ಲಿ ಬದರಿಗೆ ಹೋದರು. ದಾರಿಯ ಗುಡಿಯೊಂದಕ್ಕೆ ಎಲ್ಲರೂ ಓಡಿದರೆ ಈ ಪುಣ್ಯಾತ್ಮ ಮುದಿ ದೇವದಾರು ಮರದ ಬುಡದಲ್ಲಿ ಕೂತುಬಿಟ್ಟ. ಊರಿಗೆ ಬಂದವನೇ ಆ ಮರದ ಚಿತ್ರವನ್ನು ಸಾಗವಾನಿ ಹಲಗೆಯಲ್ಲಿ ಕೆತ್ತಿ, ಮಸಿ ಸವರಿ, ಕಾಗದ ಹಾಸಿ, ಚಮಚದ ಬೆನ್ನಿನಿಂದ ಉಜ್ಜಿ ಪಟ ತೆಗೆದ. ಖಾಸಿಂ ಸಾಬ್ ಕಟ್ಟು ಹಾಕಿಕೊಟ್ಟ. ದೇವದುರ್ಗ, ಮಾನ್ವಿಯ ಸಂತೆಗಳಿಗೂ ಆ ಮರದ ಪಟಗಳು ಮಾರಾಟಕ್ಕೆ ಹೋಗಿ ಬಂದವು.

“ಲಕ್ಷ್ಮಿದು ಇಲ್ಲೇನ್ರೀ?” ಎನ್ನುತ್ತ ಜನ ಮುಂದೆ ಹೋದರು.

ಒಂದನ್ನು ಅವನು ಮನೆಯಲ್ಲಿ ದೇವರ ಸಾಲಿಗೇ ಮೊಳೆ ಹೊಡೆದು ಹಾಕಿದ.

“ಪೂಜಿ ಮಾಡುವಾಗ ಇದಕ್ಕೂ ಒಂದು ಬೊಟ್ಟು ಇಡು.”

“ದೇವ್ರನ್ನ ಬಿಟ್ಟು ಮರ ನೋಡಿ ಬಂದೋರು ನೀವು. ನನಗ ಹುಚ್ಚು ಹಿಡಿದಿಲ್ಲ.”

ಅವನು ನಕ್ಕ. ಮತ್ತೆ ಕೇಳಲಿಲ್ಲ. ಹತ್ತು ವರ್ಷ ದಿನಾ ಬೆಳಿಗ್ಗೆ ಅವಳ ಕುಂಕುಮದ ಬೆರಳು ಆ ಪಟವನ್ನು ದಾಟಿಕೊಂಡು ಹೋಯಿತು.

*

ಮುತ್ತೈದೆಯರು ದುರುಗಮ್ಮನ ಹಣೆತುಂಬ ಕೊನೆಯ ಕುಂಕುಮ ಹಚ್ಚಿದರು. ಹೆಣ ಮಣ್ಣು ಮಾಡಿ ಬಂದ ಮೇಲೆ ಅದನ್ನು ಒರೆಸುತ್ತಾರೆ. ಖಾಸಿಂ ಸಾಬ್ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ.

“ತಂಗಿ, ನಿನ್ನೆ ದವಾಖಾನ್ಯಾಗ ನಿನ್ನ ಗಂಡ ಕೇಳಿದ, ಆಕಿ ಮರಕ್ಕ ಬೊಟ್ಟು ಇಟ್ಟಾಳೇನು ಅಂತ. ಹೂಂ ಅಂದುಬಿಟ್ಟೆ ನಾನು.”

ದುರುಗಮ್ಮ ಎದ್ದು ಸ್ಟೂಲು ಹತ್ತಿದಳು. ಹಣೆಯ ಹಸಿ ಕುಂಕುಮವನ್ನು ಬೆರಳಿಗೆ ತೆಗೆದುಕೊಂಡು, ಗಾಜಿನ ಮೇಲೆ, ಮರದ ಬುಡಕ್ಕೆ ಒತ್ತಿದಳು. ಆಗಲೂ ಅಳು ಬರಲಿಲ್ಲ.

“ಯಕ್ಕಾ, ಹೊತ್ತಾತು,” ಎಂದ ಪರಮಣ್ಣ.

ಅವಳು ಪಟವನ್ನು ಗೋಡೆಗೆ ಮುಖ ಮಾಡಿ ತಿರುವಿದಳು. ಸಾಲಿನಲ್ಲಿ ಈಗ ಎಲ್ಲವೂ ರಟ್ಟಿನ ಬೆನ್ನುಗಳೇ.